ಬಂದುಹೋದದ್ದೆಲ್ಲ ಸಮ್ಮತಿಯೇ? ಬನ್ಯನ್‌ನ ಆತ್ಮಕಥನದ ಒಂದು ಮರುಓದು

ಜಾನ್ ಬನ್ಯನ್‌ನ ಹೆಸರು ಕನ್ನಡ ಕ್ರೈಸ್ತರಿಗೆ ಹೊಸದಲ್ಲ. 19ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ಬಂದ ‘ಯಾತ್ರಿಕನ ಸಂಚಾರ’ವನ್ನು ನಮ್ಮ ಹಿರಿಯರು ಸತ್ಯವೇದದ ಪಕ್ಕದಲ್ಲಿಟ್ಟು ಓದಿದರು. ಆದರೆ ಆ ಕೃತಿ ಇಂಗ್ಲೆಂಡಿನಲ್ಲಿ ಹೊರಬರುವುದಕ್ಕೆ ಹನ್ನೆರಡು ವರ್ಷ ಮೊದಲು, 1666ರಲ್ಲಿ, ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದಾಗ ಬನ್ಯನ್ ಪ್ರಕಟಿಸಿದ ಆತ್ಮಕಥನಕ್ಕೆ ನಮ್ಮಲ್ಲಿ ಅಷ್ಟು ಓದುಗರು ದೊರೆತಿಲ್ಲ. ‘ಗ್ರೇಸ್ ಅಬೌಂಡಿಂಗ್ ಟು ದ ಚೀಫ್ ಆಫ್ ಸಿನ್ನರ್ಸ್’ ಎಂಬ ಆ ಗ್ರಂಥದ ಹೆಸರನ್ನು ಪಾಪಿಗಳಲ್ಲಿ ಮುಖ್ಯನಾದವನ ಮೇಲೆ ಉಕ್ಕಿಹರಿದ ಕೃಪೆ ಎಂದು ಕನ್ನಡಿಸಬಹುದು. ಓದಿದವರೂ ಅದನ್ನು ಮಾನಸಾಂತರದ ಮಾದರಿಯೆಂದೇ ಓದುವುದುಂಟು: ಪಾಪದ ಅರಿವು, ನಿರಾಶೆಯ ಕಣಿವೆ, ಕೃಪೆಯ ಬೆಳಕು. ಈ ಓದು ತಪ್ಪಲ್ಲ, ಆದರೆ ಸಾಲದು. ಗ್ರಂಥದ ನಡುಭಾಗವನ್ನು ಎಚ್ಚರದಿಂದ ಓದಿದರೆ ಅಲ್ಲಿ ಕಾಣುವುದು ಪಾಪಿಯೊಬ್ಬನ ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ, ಮಾಡದ ಅಪರಾಧವನ್ನು ತನ್ನ ಮೇಲೆ ತಾನೇ ಹೊರಿಸಿಕೊಂಡು ವರ್ಷಗಟ್ಟಲೆ ವಿಚಾರಣೆ ನಡೆಸಿದ ಮನುಷ್ಯನೊಬ್ಬನ ದಾಖಲೆ. ಆ ಆರೋಪವನ್ನು ನಾವೂ ಪ್ರಶ್ನಿಸದೆ ಒಪ್ಪಿಕೊಂಡರೆ, ಅದೇ ಆರೋಪವನ್ನು ಹೊತ್ತು ಇಂದು ನಮ್ಮ ಬಳಿಗೆ ಬರುವವರನ್ನೂ ದೋಷಿಗಳೆಂದೇ ಕಂಡುಬಿಡುತ್ತೇವೆ.

ಬನ್ಯನ್ 1628ರಲ್ಲಿ ಬೆಡ್‌ಫರ್ಡ್ ಸಮೀಪದ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಪಾತ್ರೆಗಳಿಗೆ ಬೆಸುಗೆ ಹಾಕುವುದು ಅವನ ಕಸುಬು. ಊರ ದೇವಾಲಯದ ಗಂಟೆ ಬಾರಿಸುವುದರಲ್ಲಿ ಅವನಿಗೆ ಬಹಳ ಆಸೆಯಿತ್ತು. ಅದು ವ್ಯರ್ಥವಾದ ವಿನೋದವೆಂದು ಮನಸ್ಸು ಚುಚ್ಚತೊಡಗಿದಾಗ ಬಾರಿಸುವುದನ್ನು ಬಿಟ್ಟ, ನೋಡಲು ಮಾತ್ರ ಹೋಗುತ್ತಿದ್ದ. ಆಗ ಗಂಟೆ ಕಳಚಿ ತಲೆಯ ಮೇಲೆ ಬಿದ್ದರೆ ಎಂಬ ಭಯ ಹುಟ್ಟಿತು. ದೊಡ್ಡ ತೊಲೆಯ ಕೆಳಗೆ ನಿಂತ. ಬಿದ್ದ ಗಂಟೆ ಗೋಡೆಗೆ ತಾಗಿ ಪುಟಿದು ತನ್ನ ಮೇಲೆ ಬಂದರೆ? ಗೋಪುರದ ಬಾಗಿಲಿಗೆ ಸರಿದ. ಗೋಪುರವೇ ಕುಸಿದರೆ? ಅಲ್ಲಿಂದ ಓಡಿಹೋದ. ಈ ಪುಟ್ಟ ಪ್ರಸಂಗವನ್ನು ಉಪದೇಶಕರು ನಗೆ ತರಿಸುವ ಉದಾಹರಣೆಯಾಗಿ ಬಳಸುವುದುಂಟು. ಆದರೆ ಮುಂದೆ ಬರುವುದರ ನಕ್ಷೆಯೆಲ್ಲ ಇದರಲ್ಲಿದೆ: ಒಂದು ಸಂದೇಹ, ಅದನ್ನು ತಣಿಸಲು ಒಂದು ಹೆಜ್ಜೆ, ಆ ಹೆಜ್ಜೆಯೇ ಹೆತ್ತ ಇನ್ನೊಂದು ಸಂದೇಹ.

ಮುಂದಿನ ಘಟ್ಟ ನಗುವಂಥದ್ದಲ್ಲ. ಲೂಥರನು ಗಲಾತ್ಯದವರಿಗೆ ಬರೆದ ಪತ್ರಿಕೆಗೆ ಬರೆದ ವ್ಯಾಖ್ಯಾನದ ಹಳೆಯ, ಪುಟಗಳು ಉದುರುವಂತಿದ್ದ ಪ್ರತಿಯೊಂದು ಬನ್ಯನ್‌ನ ಕೈಗೆ ಸಿಕ್ಕಿತು. ತನ್ನ ಹೃದಯವನ್ನೇ ನೋಡಿ ಬರೆದಂತಿದೆ ಎಂದು ಬೆರಗಾದ. ಗಾಯಗೊಂಡ ಮನಸ್ಸಾಕ್ಷಿಗೆ ಸತ್ಯವೇದವೊಂದನ್ನು ಬಿಟ್ಟರೆ ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲವೆಂದು ಬಗೆದ. ಕ್ರಿಸ್ತನನ್ನು ತಾನು ನಿಜವಾಗಿ ಪ್ರೀತಿಸುತ್ತಿದ್ದೇನೆಂದು ಅವನಿಗೆ ಅನ್ನಿಸಿದ್ದು ಆಗ. ಅದರ ಬೆನ್ನಿಗೇ ಆ ಶೋಧನೆ ಬಂತು: ಕ್ರಿಸ್ತನನ್ನು ಮಾರಿಬಿಡು, ಈ ಲೋಕದ ವಸ್ತುಗಳಿಗಾಗಿ ಆತನನ್ನು ಕೊಟ್ಟುಬಿಡು. ಒಂದು ವರ್ಷ ಕಾಲ ಅದು ಅವನನ್ನು ಬಿಡಲಿಲ್ಲ. ಊಟ ಮಾಡುವಾಗ, ಕಟ್ಟಿಗೆ ಸೀಳುವಾಗ, ನೆಲದ ಮೇಲಿನ ಗುಂಡುಸೂಜಿ ಎತ್ತಿಕೊಳ್ಳಲು ಬಗ್ಗುವಾಗಲೂ, ಇದಕ್ಕಾಗಿ ಮಾರು, ಅದಕ್ಕಾಗಿ ಮಾರು ಎಂಬ ಮಾತು ಒಳಗೆ ಮೊಳಗುತ್ತಿತ್ತು. ಕೆಲವೊಮ್ಮೆ ಒಂದೇ ಸಮನೆ ನೂರು ಸಲ. ಅದಕ್ಕೆ ಪ್ರತಿಯಾಗಿ ಅವನು ಇಲ್ಲ, ಸಾವಿರ ಲೋಕಗಳನ್ನು ಕೊಟ್ಟರೂ ಇಲ್ಲ ಎಂದು ಉತ್ತರಿಸುತ್ತಿದ್ದ. ಕೈಯಿಂದ, ಮೊಣಕೈಯಿಂದ ಎದುರಾಳಿಯನ್ನು ತಳ್ಳುವಂತೆ ಅವನ ಮೈಯೂ ಚಲಿಸುತ್ತಿತ್ತು. ಇದಕ್ಕೂ ಮೊದಲು ದೇವದೂಷಣೆಯ ಮಾತು ಬಾಯಿಂದ ಹೊರಬಿದ್ದೀತೆಂದು ಹೆದರಿ, ಬಾಯಿ ತೆರೆಯದಂತೆ ಗದ್ದದ ಕೆಳಗೆ ಕೈಯೊತ್ತಿ ಹಿಡಿಯಲು ಮುಂದಾಗುತ್ತಿದ್ದ ಮನುಷ್ಯ ಇವನು.

ಇಲ್ಲಿ ಗಮನಿಸಬೇಕಾದುದು ಬನ್ಯನ್ ಮಾಡುವ ಅರ್ಥವಿವರಣೆ. ಕ್ರಿಸ್ತನ ಮೇಲಿನ ತನ್ನ ಪ್ರೀತಿ ಎಷ್ಟು ಅಲ್ಪವೆಂಬುದನ್ನು ಈ ಶೋಧನೆ ತೋರಿಸಿಕೊಟ್ಟಿತೆಂದು ಆತ ಬರೆಯುತ್ತಾನೆ. ಅವನೇ ಕೊಡುವ ವಿವರಗಳು ಇದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತವೆ. ಪ್ರೀತಿ ಅಲ್ಪವಾಗಿದ್ದವನಿಗೆ ಮಾರುವ ಮಾತು ಭಯಾನಕವಾಗಿ ಕೇಳಿಸುವುದಿಲ್ಲ. ಯಾವುದು ಅತ್ಯಂತ ಪ್ರಿಯವೋ ಅದರ ಮೇಲೆಯೇ ಈ ಬಗೆಯ ಆಲೋಚನೆ ಎರಗುತ್ತದೆ. ಎಳೆಗೂಸಿನ ತಾಯಿಗೆ ಮಗುವಿಗೆ ಕೇಡು ಮಾಡುವ ಚಿತ್ರ ಕಣ್ಮುಂದೆ ಬರುತ್ತದೆ. ಕರ್ತನ ಭೋಜನದ ಪಾತ್ರೆಯನ್ನು ಎತ್ತಿ ಹಿಡಿದ ಸಭಾಪಾಲಕನಿಗೆ ಅದೇ ಗಳಿಗೆಯಲ್ಲಿ ಹೇಸಿಗೆಯ ಮಾತೊಂದು ನೆನಪಿಗೆ ಬರುತ್ತದೆ. ಬಂದ ಆಲೋಚನೆ ಅವರ ಬಯಕೆಯ ಗುರುತಲ್ಲ, ಅವರ ಭಯದ ಗುರುತು.

ಒಂದು ಮುಂಜಾನೆ ಬನ್ಯನ್ ಹಾಸಿಗೆಯಲ್ಲಿ ಮಲಗಿದ್ದಾಗ ಎಂದಿನಂತೆ ದಾಳಿಯಾಯಿತು. ಎಂದಿನಂತೆ ಅವನು ಇಲ್ಲ, ಇಲ್ಲ ಎಂದು ಕಡಿಮೆಯೆಂದರೆ ಇಪ್ಪತ್ತು ಸಲ ಉತ್ತರಿಸಿದ. ಉಸಿರು ಕಟ್ಟುವಷ್ಟು ಹೆಣಗಿದ ಮೇಲೆ, ಆತನಿಗೆ ಹೋಗಬೇಕೆನಿಸಿದರೆ ಹೋಗಲಿ ಎಂಬ ಒಂದು ಆಲೋಚನೆ ಹೃದಯದ ಮೂಲಕ ಹಾದುಹೋಯಿತು. ತನ್ನ ಹೃದಯವು ಅದಕ್ಕೆ ಮನಃಪೂರ್ವಕವಾಗಿ ಸಮ್ಮತಿಸಿದ್ದು ತನ್ನ ಅನುಭವಕ್ಕೆ ಬಂದಂತೆ ಅವನಿಗೆ ತೋರಿತು. ಅಷ್ಟೇ. ಮರದ ತುದಿಯಿಂದ ಗುಂಡೇಟು ತಿಂದ ಹಕ್ಕಿಯಂತೆ ಅವನು ನಿರಾಶೆಗೆ ಬಿದ್ದ. ಮುಂದಿನ ಸುಮಾರು ಎರಡು ವರ್ಷ ಅವನ ಕಿವಿಯಲ್ಲಿದ್ದದ್ದು ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದ ಏಸಾವ: ಚೊಚ್ಚಲತನದ ಹಕ್ಕನ್ನು ಮಾರಿ, ಆಮೇಲೆ ಕಣ್ಣೀರಿಟ್ಟು ಹುಡುಕಿದರೂ ಮಾನಸಾಂತರಕ್ಕೆ ಎಡೆ ಕಾಣದವನು. ಮಾರು ಎಂಬ ಒಂದು ಕ್ರಿಯಾಪದ ಇಬ್ಬರನ್ನೂ ಕಟ್ಟಿಹಾಕಿತು.

ಆ ಮುಂಜಾನೆಯ ವಾಕ್ಯವನ್ನು ವಿಮರ್ಶಕನು ನಿಧಾನವಾಗಿ ಓದಬೇಕು. ಬನ್ಯನ್ ತಾನು ಸಮ್ಮತಿಸಿದೆನೆಂದು ಹೇಳುವುದಿಲ್ಲ. ಸಮ್ಮತಿಸಿದಂತೆ ಅನುಭವವಾಯಿತೆಂದು ತೋರಿತು ಎನ್ನುತ್ತಾನೆ. ಅಂದರೆ ಕೃತ್ಯಕ್ಕೂ ಅವನಿಗೂ ನಡುವೆ ಎರಡು ಪರದೆಗಳಿವೆ: ಒಂದು ಅನುಭವ, ಅದರ ಮೇಲೊಂದು ಅನುಮಾನ. ಇಪ್ಪತ್ತು ಸಲ ಸ್ಪಷ್ಟವಾಗಿ ನುಡಿದ ನಿರಾಕರಣೆಗೆ ಅವನ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಇಪ್ಪತ್ತೊಂದನೆಯ ಸಲ ಉಸಿರು ಸೋತಾಗ ಹಾದುಹೋದ ಮಾತಿಗೆ ಮರಣದಂಡನೆ. ಇಂಥ ಸಾಕ್ಷ್ಯದ ಮೇಲೆ ಬೇರೆ ಯಾರನ್ನೂ ಬನ್ಯನ್ ದೋಷಿಯೆಂದು ತೀರ್ಮಾನಿಸುತ್ತಿರಲಿಲ್ಲ. ಅವನು ಸೋತದ್ದು ಬಳಲಿಕೆಯಿಂದ. ಬಳಲಿಕೆಗೆ ಸಮ್ಮತಿ ಎಂದು ಹೆಸರಿಟ್ಟದ್ದೇ ಗ್ರಂಥದ ನಡುವಿನ ದುರಂತ.

ಹೀಗೆ ಹೇಳುವಾಗ ಸತ್ತವನ ನಾಡಿ ಹಿಡಿದು ರೋಗನಿರ್ಣಯ ಮಾಡುವ ಉತ್ಸಾಹ ನನಗಿಲ್ಲ. ಆ ಪ್ರಯತ್ನ ಹಳೆಯದು: 1894ರಲ್ಲಿ ಜೊಸಾಯಾ ರಾಯ್ಸ್ ಬನ್ಯನ್‌ನ ಪ್ರಕರಣವನ್ನೇ ವಿಷಯವಾಗಿಟ್ಟು ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಬರೆದ; 1902ರಲ್ಲಿ ವಿಲಿಯಂ ಜೇಮ್ಸ್ ಧಾರ್ಮಿಕ ಅನುಭವಗಳ ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಬನ್ಯನ್‌ನನ್ನು ರೋಗಗ್ರಸ್ತ ಮನಸ್ಸಿನ ಉದಾಹರಣೆಯಾಗಿ ತಂದ. ಅವರ ಓದಿನಲ್ಲಿ ರೋಗ ಸಿಗುತ್ತದೆ, ದೇವಶಾಸ್ತ್ರ ಜಾರಿಹೋಗುತ್ತದೆ. ಭಕ್ತರ ಓದಿನಲ್ಲಿ ದೇವಶಾಸ್ತ್ರ ಸಿಗುತ್ತದೆ, ನೋವು ಬರಿಯ ಮೆಟ್ಟಿಲಾಗುತ್ತದೆ. ನಮಗೆ ಬೇಕಾದುದು ಇವೆರಡರ ನಡುವೆ ಇರುವ ಪ್ರಶ್ನೆ: ಮನಸ್ಸಿಗೆ ಬಂದ ಆಲೋಚನೆ ಯಾವಾಗ ಮನುಷ್ಯನ ಕೃತ್ಯವಾಗುತ್ತದೆ?

ವೈದ್ಯರು ಇಂದು ಒ.ಸಿ.ಡಿ. ಅಥವಾ ಗೀಳುರೋಗ ಎಂದು ಕರೆಯುವ ಬೇನೆಯನ್ನು ಕುರಿತ ಸಂಶೋಧನೆ ಈ ಪ್ರಶ್ನೆಗೆ ಬಂದು ನಿಂತಿರುವುದು ಆಶ್ಚರ್ಯ. 1978ರಲ್ಲಿ ರ‍್ಯಾಚ್‌ಮನ್ ಮತ್ತು ಡಿ ಸಿಲ್ವ ಎಂಬ ಸಂಶೋಧಕರು ರೋಗವಿಲ್ಲದ ಸಾಮಾನ್ಯ ಜನರನ್ನು ವಿಚಾರಿಸಿದಾಗ, ಐವರಲ್ಲಿ ಸುಮಾರು ನಾಲ್ವರಿಗೆ ಬೇಡದ, ಅಸಹ್ಯವಾದ ಆಲೋಚನೆಗಳು ತಾವಾಗಿಯೇ ನುಗ್ಗಿಬರುತ್ತವೆಂದು ತಿಳಿದುಬಂತು. ಆ ಆಲೋಚನೆಗಳ ವಿಷಯವು ರೋಗಿಗಳ ಆಲೋಚನೆಗಳ ವಿಷಯಕ್ಕಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಹಾಗಾದರೆ ರೋಗವನ್ನು ಉಂಟುಮಾಡುವುದು ಆಲೋಚನೆಯಲ್ಲ, ಅದಕ್ಕೆ ಕೊಟ್ಟ ಅರ್ಥ. ಇಂಥದ್ದು ನನಗೆ ಹೊಳೆದದ್ದೇ ನಾನು ದುಷ್ಟನೆಂಬುದಕ್ಕೆ ಸಾಕ್ಷಿ, ಯೋಚಿಸಿದ್ದು ಮಾಡಿದ್ದಕ್ಕೆ ಸಮ ಎಂಬ ನಂಬಿಕೆಯನ್ನು 1990ರ ದಶಕದಲ್ಲಿ ರ‍್ಯಾಚ್‌ಮನ್ ಮತ್ತು ಶಾಫ್ರನ್ ಮುಂತಾದವರು ಆಲೋಚನೆ ಮತ್ತು ಕೃತ್ಯಗಳ ಬೆಸುಗೆ ಎಂಬ ಅರ್ಥದ ಹೆಸರಿಟ್ಟು ಅಳೆಯತೊಡಗಿದರು. ಆಲೋಚನೆಯನ್ನು ಅದುಮುವುದು ಏಕೆ ಫಲಿಸದೆಂಬುದಕ್ಕೆ 1987ರ ವೆಗ್ನರ್‌ನ ಪ್ರಯೋಗ ಪ್ರಸಿದ್ಧವಾಗಿದೆ: ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರು ನಿರ್ಬಂಧ ತೆಗೆದ ಮೇಲೆ, ಮೊದಲಿನಿಂದಲೂ ನೆನೆಯಲು ಹೇಳಿಸಿಕೊಂಡವರಿಗಿಂತ ಹೆಚ್ಚಾಗಿ ಅದನ್ನೇ ನೆನೆದರು. ನಮ್ಮನ್ನು ನೇರವಾಗಿ ತಟ್ಟುವ ಮಾತು ಇನ್ನೊಂದಿದೆ. 2007ರಲ್ಲಿ ಸೀವ್ ಮತ್ತು ಕೋಹೆನ್ ನಡೆಸಿದ ಅಧ್ಯಯನದಲ್ಲಿ, ಯೋಚಿಸಿದ್ದು ನೈತಿಕವಾಗಿ ಮಾಡಿದ್ದಕ್ಕೆ ಸಮವೆಂಬ ನಂಬಿಕೆ ಯೆಹೂದ್ಯರಿಗಿಂತ ಕ್ರೈಸ್ತರಲ್ಲಿ ಹೆಚ್ಚಾಗಿ ಕಂಡಿತು. ಈ ನಂಬಿಕೆಯನ್ನು ನಾವು ಪ್ರಸಂಗಪೀಠದಿಂದ ಕಲಿಸಿದ್ದೇವೆಯೇ ಎಂದು ಕೇಳಿಕೊಳ್ಳದೆ ಗತ್ಯಂತರವಿಲ್ಲ.

ಪ್ರಾಚೀನ ಸಭೆ ಅದನ್ನು ಕಲಿಸಲಿಲ್ಲ. 399ರಲ್ಲಿ ತೀರಿಕೊಂಡ ಐಗುಪ್ತದ ಮರುಭೂಮಿಯ ಎವಾಗ್ರಿಯಸ್, ದುರಾಲೋಚನೆಗಳು ನಮ್ಮನ್ನು ಕಾಡುವುದೂ ಬಿಡುವುದೂ ನಮ್ಮ ವಶದಲ್ಲಿಲ್ಲ, ಅವು ನೆಲೆಸುವುದೂ ಬಿಡುವುದೂ ನಮ್ಮ ವಶದಲ್ಲಿದೆ ಎಂಬ ಭೇದವನ್ನು ಮಾಡಿದ. ಅಗಸ್ಟೀನನು ಪರ್ವತಪ್ರಸಂಗದ ವ್ಯಾಖ್ಯಾನದಲ್ಲಿ ಪಾಪದ ಮೂರು ಹಂತಗಳನ್ನು ಹೇಳಿದ: ಸೂಚನೆ, ಅದರಲ್ಲಿ ಸುಖ, ಕೊನೆಗೆ ಸಮ್ಮತಿ. ಪಾಪವು ಪೂರ್ಣವಾಗುವುದು ಮೂರನೆಯದರಲ್ಲಿ. ಬನ್ಯನ್‌ನ ಅನುಭವ ಮೊದಲ ಹಂತದಿಂದ ಮುಂದೆ ಹೋಗಲೇ ಇಲ್ಲ. ಸುಖದ ಸುಳಿವೂ ಅಲ್ಲಿಲ್ಲ. ಯಾಕೋಬನ ಪತ್ರಿಕೆ ಶೋಧನೆಯ ವಂಶಾವಳಿಯನ್ನು ಬರೆಯುವಾಗ ಒಬ್ಬನ ಸ್ವಂತ ಆಶಾಪಾಶವನ್ನು ಮೊದಲಲ್ಲಿಡುತ್ತದೆ. ತನ್ನದಾದ ಆಶೆಯೇ ಇಲ್ಲದಿದ್ದಲ್ಲಿ ಬಸಿರಾಗುವುದಾದರೂ ಏನು?

ಸುಧಾರಣೆಯ ಕಾಲದಲ್ಲಿ ಈ ಮೆಟ್ಟಿಲುಗಳು ಬಿಗಿಯಾದವು. ದೀಕ್ಷಾಸ್ನಾನ ಪಡೆದವರಲ್ಲಿ ಉಳಿದಿರುವ ದುರಾಶೆ ನಿಜವಾದ ಅರ್ಥದಲ್ಲಿ ಪಾಪವಲ್ಲವೆಂದು 1546ರಲ್ಲಿ ಟ್ರೆಂಟ್ ಮಹಾಸಭೆ ತೀರ್ಮಾನಿಸಿದರೆ, ಆಂಗ್ಲಿಕನ್ ಸಭೆಯ 39 ವಿಧಿಗಳಲ್ಲಿ 9ನೆಯದು ಅದಕ್ಕೆ ಪಾಪದ ಸ್ವಭಾವವಿದೆ ಎಂದಿತು. ಪ್ರೊಟೆಸ್ಟೆಂಟ್ ಮನಸ್ಸಾಕ್ಷಿಗೆ ಇದರಿಂದ ಹೊರೆ ಹೆಚ್ಚಿತೆಂದು ಹೇಳುವವರಿದ್ದಾರೆ. ಮಾತು ಅರ್ಧ ನಿಜ. ಆ ಬೋಧನೆಗೆ ಎರಡು ಭಾಗಗಳಿವೆ. ಹೃದಯದ ಆಳದವರೆಗೂ ಪಾಪವಿದೆ ಎಂಬುದು ಒಂದು. ಆದಕಾರಣ ನಮ್ಮ ನೀತಿಯನ್ನು ಹೃದಯದಲ್ಲಿ ಹುಡುಕಬಾರದು, ಅದು ನಮ್ಮ ಹೊರಗೆ, ಕ್ರಿಸ್ತನಲ್ಲಿದೆ ಎಂಬುದು ಇನ್ನೊಂದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಬೋಧಿಸುವ ಪ್ರಸಂಗವು ಲೂಥರನದಲ್ಲ. ಇನ್ನೂ ಒಂದು ಮಾತು: ದುರಾಶೆ ಎಂದರೆ ಒಂದರ ಕಡೆಗೆ ವಾಲುವುದು. ಗೀಳಿನ ಆಲೋಚನೆಯಲ್ಲಿ ಮನಸ್ಸು ವಾಲುವುದಿಲ್ಲ, ಬೆಚ್ಚಿ ಹಿಂದೆಗೆಯುತ್ತದೆ. ಅತ್ಯಂತ ಕಠೋರವಾದ ಪ್ರೊಟೆಸ್ಟೆಂಟ್ ಅಳತೆಗೋಲಿನಿಂದಲೂ ಅದನ್ನು ದುರಾಶೆಯೆಂದು ಅಳೆಯಲಾಗದು.

ಮತ್ತಾಯ 5:28ನ್ನು ಎತ್ತಿ ತೋರುವವರುಂಟು. ಕಣ್ಣಿನಿಂದ ನೋಡಿದವನು ಹೃದಯದಲ್ಲಿ ವ್ಯಭಿಚಾರ ಮಾಡಿದವನೆಂದು ಕರ್ತನೇ ಹೇಳಲಿಲ್ಲವೇ? ಕರ್ತನು ಹೇಳಿದ್ದು ಅದಲ್ಲ. ಗ್ರೀಕ್ ಮೂಲದಲ್ಲಿರುವ ‘ಪ್ರೊಸ್ ತೊ ಎಪಿಥುಮೇಸಾಯ್’ ಎಂಬ ಪದಗುಚ್ಛವು ಉದ್ದೇಶವನ್ನು ಸೂಚಿಸುತ್ತದೆಂಬುದು ಸಹಜವಾದ ಓದು: ಮೋಹಿಸುವ ಸಲುವಾಗಿ ನೋಡುವವನು. ಅಲ್ಲಿ ಚಿತ್ತವಿದೆ, ಗುರಿಯಿದೆ, ನೋಟವನ್ನು ನಿಲ್ಲಿಸಿಕೊಳ್ಳುವ ನಿರ್ಧಾರವಿದೆ. ಕೈಯಿಂದ ಮಾಡದೆ ಹೃದಯದಲ್ಲಿ ಮಾಡಿದವನನ್ನು ಕರ್ತನು ಹಿಡಿಯುತ್ತಾನೆಯೇ ಹೊರತು, ಏನನ್ನೂ ಮಾಡದವನನ್ನಲ್ಲ. ಈ ವಚನವನ್ನು ಬಿಡಿಸದೆ ಯುವಜನರ ಕೂಟಗಳಲ್ಲಿ ಬೀಸಿ ಎಸೆಯುವ ನಮ್ಮ ಅಭ್ಯಾಸ ಎಷ್ಟು ಮಂದಿಯ ನಿದ್ರೆಯನ್ನು ಕೆಡಿಸಿದೆಯೋ ದೇವರೇ ಬಲ್ಲನು.

ಇಷ್ಟೆಲ್ಲ ಭೇದಗಳನ್ನು ತಿಳಿಸಿಕೊಟ್ಟರೆ ಬಾಧಿತನಿಗೆ ನೆಮ್ಮದಿ ದೊರೆಯಬೇಕಲ್ಲವೇ? ಇಲ್ಲಿಯೇ ಬನ್ಯನ್‌ನ ಗ್ರಂಥ ನಮಗೆ ನಾವು ನಿರೀಕ್ಷಿಸದ ಪಾಠ ಹೇಳುತ್ತದೆ. ನಿರಾಶೆಯ ದಿನಗಳಲ್ಲಿ ಅವನು ತನ್ನ ಪಾಪವನ್ನು ಇತರರ ಪಾಪದೊಡನೆ ತೂಗಿದ. ದಾವೀದನದು ಘೋರವೇ, ಆದರೆ ಅದು ಮೋಶೆಯ ಧರ್ಮಶಾಸ್ತ್ರಕ್ಕೆ ವಿರುದ್ಧವಾದದ್ದು. ತನ್ನದು ರಕ್ಷಕನಿಗೇ ವಿರುದ್ಧ. ಪೇತ್ರನದು ಹತ್ತಿರ ಬಂತು, ಆದರೂ ತನ್ನದೇ ಹೆಚ್ಚೆನಿಸಿತು. ಕೊನೆಗೆ ಯೂದನ ಬಳಿಗೆ ಬಂದಾಗ ಅವನಿಗೆ ಸರಿಯಾದ ಭೇದವೇ ಹೊಳೆಯಿತು: ಯೂದನು ಉದ್ದೇಶಪೂರ್ವಕವಾಗಿ, ಆಲೋಚಿಸಿ ಮಾಡಿದ, ತನ್ನದು ತನ್ನ ಪ್ರಾರ್ಥನೆಗಳಿಗೂ ಹೋರಾಟಕ್ಕೂ ವಿರುದ್ಧವಾಗಿ, ಗಾಬರಿಯಲ್ಲಿ, ತಟ್ಟನೆ ಆದದ್ದು. ಎವಾಗ್ರಿಯಸನೂ ಅಗಸ್ಟೀನನೂ ಹೇಳಬಹುದಾಗಿದ್ದ ಮಾತು ಇದೇ. ಅದರಿಂದ ಸ್ವಲ್ಪ ಹೊತ್ತು ಹಗುರವಾಯಿತು. ಮರುಗಳಿಗೆ, ಕ್ಷಮೆಯಿಲ್ಲದ ಪಾಪವನ್ನು ಮಾಡಲು ಒಂದಕ್ಕಿಂತ ಹೆಚ್ಚು ದಾರಿಗಳಿರಬಹುದಲ್ಲ ಎಂಬ ಸಂದೇಹ ಬಂದು ಅದನ್ನು ನುಂಗಿಹಾಕಿತು. ಗೋಪುರದ ಗಂಟೆಯ ಕಥೆಯೇ ಮತ್ತೊಮ್ಮೆ.

ಗ್ರಂಥದ ಕೊನೆಯ ಭಾಗದಲ್ಲಿ, ಕೃಪೆಯ ವಾಗ್ದಾನಗಳು ಮನಸ್ಸಿನಲ್ಲಿ ನೆಲೆಯೂರಿದ ಮೇಲೆ, ಆತ ಏಸಾವನ ವಚನವನ್ನು ಧೈರ್ಯವಾಗಿ ಮತ್ತೆ ತೆರೆಯುತ್ತಾನೆ. ಆದಿಕಾಂಡದ 25ನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟು ನೋಡುತ್ತಾನೆ. ಏಸಾವನದು ಮನಸ್ಸಿನ ಶ್ರಮಕ್ಕೆ ವಿರುದ್ಧವಾಗಿ ಹಾದುಹೋದ ಅವಸರದ ಆಲೋಚನೆಯಲ್ಲ. ವಿಚಾರಮಾಡಿ, ಒಪ್ಪಿ, ಕಾರ್ಯಕ್ಕೆ ತಂದದ್ದು ಎಂದು ಕಾಣುತ್ತಾನೆ. ಇದು ಯೂದನ ಬಗ್ಗೆ ಕಂಡುಕೊಂಡ ಭೇದವೇ, ಮಾತುಗಳೂ ಹೆಚ್ಚುಕಡಿಮೆ ಅವೇ. ಈ ಸಲ ಅದು ನಿಂತಿತು. ಒಂದೇ ವಾದ ಒಮ್ಮೆ ಸೋತು ಇನ್ನೊಮ್ಮೆ ಗೆದ್ದದ್ದು ಹೇಗೆ? ಮೊದಲ ಸಲ ಅವನು ಆರೋಪಿಯ ಕಟಕಟೆಯಲ್ಲಿ ನಿಂತು ಬಿಡುಗಡೆಗಾಗಿ ವಾದಿಸುತ್ತಿದ್ದ. ತೀರ್ಪಿನ ಭಯವೇ ಪ್ರತಿವಾದವನ್ನೂ ಹುಟ್ಟಿಸುತ್ತಿತ್ತು. ಎರಡನೆಯ ಸಲ ಭಯ ತಗ್ಗಿತ್ತು, ವಚನವನ್ನು ವಚನವಾಗಿ ಓದಲು ಸಾಧ್ಯವಾಯಿತು. ಈ ಒಂದು ವ್ಯತ್ಯಾಸವನ್ನು ಗಮನಿಸದೆ ಗ್ರಂಥವನ್ನು ಹೊಗಳುವವರು, ಸಂದೇಹವಿದ್ದರೆ ಇನ್ನಷ್ಟು ವಚನ ಓದು, ಇನ್ನಷ್ಟು ಪರೀಕ್ಷಿಸಿಕೋ ಎಂಬ ಸಲಹೆಯನ್ನು ಬನ್ಯನ್‌ನ ಹೆಸರಿನಲ್ಲಿ ಕೊಡುತ್ತಾರೆ. ಅವನ ಗ್ರಂಥ ಸಾಕ್ಷಿ ಹೇಳುವುದು ಅದರ ವಿರುದ್ಧ.

ಸಭಾಸೇವಕರ ಪಾಲು ಇದರಲ್ಲಿ ಏನು? ಬನ್ಯನ್ ಒಬ್ಬ ವೃದ್ಧ ಕ್ರೈಸ್ತನ ಬಳಿಗೆ ಹೋಗಿ, ತಾನು ಪವಿತ್ರಾತ್ಮನಿಗೆ ವಿರುದ್ಧವಾದ ಪಾಪ ಮಾಡಿದೆನೆಂಬ ಭಯವಿದೆ ಎಂದ. ತನಗೂ ಹಾಗೇ ತೋರುತ್ತದೆ ಎಂದು ಆ ವೃದ್ಧ ಉತ್ತರಿಸಿದ. ಒಳ್ಳೆಯ ಮನುಷ್ಯನೇ, ಆದರೆ ಇಂಥ ಹೋರಾಟದ ಪರಿಚಯವಿಲ್ಲದವನು ಎಂದಷ್ಟೇ ಬನ್ಯನ್ ಅವನ ಬಗ್ಗೆ ಬರೆಯುತ್ತಾನೆ. ಈ ಸೌಮ್ಯತೆ ಬನ್ಯನ್‌ನದು. ಓದುಗನಿಗೆ ಅಷ್ಟು ಸೌಮ್ಯನಾಗಿರಬೇಕಾದ ಹಂಗಿಲ್ಲ. ಅದೇ ವೇಳೆಗೆ ಫ್ರಾನ್ಸಿಸ್ ಸ್ಪೀರನ ಕಥೆ ಅವನ ಕೈಗೆ ಬಿತ್ತು. ಸುಧಾರಣೆಯ ನಂಬಿಕೆಯನ್ನು ನಿರಾಕರಿಸಿ, ತನಗೆ ಕ್ಷಮೆಯಿಲ್ಲವೆಂದು ಹಲುಬುತ್ತ 1548ರಲ್ಲಿ ಸತ್ತ ಇಟಲಿಯ ವಕೀಲ ಆತ. ಹಸಿ ಗಾಯಕ್ಕೆ ಉಪ್ಪು ತಿಕ್ಕಿದಂತಾಯಿತು. ಎಚ್ಚರಿಕೆಯ ಸಾಹಿತ್ಯವೆಲ್ಲ ಎಲ್ಲರಿಗೂ ಎಚ್ಚರಿಕೆಯಾಗುವುದಿಲ್ಲ. ದಪ್ಪ ಚರ್ಮದವನಿಗೆಂದು ಬರೆದದ್ದು ಚರ್ಮವೇ ಸುಲಿದವನ ಕೈ ಸೇರುವುದುಂಟು.

ಇದಕ್ಕೆ ಎದುರಾಗಿ ಸೀನಾಯಿಯ ಯೋಹಾನ ಕ್ಲಿಮಾಕಸನು 7ನೆಯ ಶತಮಾನದಲ್ಲಿ ‘ಏಣಿ’ಯ 23ನೆಯ ಮೆಟ್ಟಿಲಿನಲ್ಲಿ ಹೇಳುವ ಪ್ರಸಂಗವನ್ನು ಇಡಬೇಕು. ಸನ್ಯಾಸಿಯೊಬ್ಬನನ್ನು ದೇವದೂಷಣೆಯ ಆಲೋಚನೆಗಳು 20 ವರ್ಷ ಕಾಡಿದವು. ಉಪವಾಸ, ಜಾಗರಣೆ ಯಾವುದೂ ಫಲಿಸಲಿಲ್ಲ. ಬಾಯಿಬಿಟ್ಟು ಹೇಳಲಾಗದೆ ಹಾಳೆಯಲ್ಲಿ ಬರೆದು ಹಿರಿಯನೊಬ್ಬನ ಕೈಗೆ ಕೊಟ್ಟು ನೆಲಕ್ಕೆ ಮುಖವಿಟ್ಟು ಬಿದ್ದ. ಹಿರಿಯನು ಓದಿ ಮುಗುಳ್ನಕ್ಕ, ಅವನನ್ನು ಎಬ್ಬಿಸಿದ, ಅವನ ಕೈಯನ್ನು ತನ್ನ ಕೊರಳ ಮೇಲೆ ಇರಿಸಿಕೊಂಡ. ಈ ಪಾಪ ಎಷ್ಟು ವರ್ಷದ್ದಾಗಲಿ, ಮುಂದೆ ಎಷ್ಟು ಕಾಲ ಬರಲಿ, ನನ್ನ ಕೊರಳ ಮೇಲಿರಲಿ. ನೀನು ಇನ್ನು ಅದನ್ನು ಲಕ್ಷಿಸಬೇಡ ಎಂಬುದು ಅವನ ತೀರ್ಪು. ಆ ಹಿರಿಯನು ಆಲೋಚನೆಯ ವಿಷಯವನ್ನು ಚರ್ಚಿಸಲಿಲ್ಲ, ಸಮ್ಮತಿ ಇತ್ತೇ ಇಲ್ಲವೇ ಎಂದು ಪಾಟೀಸವಾಲು ಮಾಡಲಿಲ್ಲ, ಇನ್ನಷ್ಟು ಉಪವಾಸವನ್ನೂ ವಿಧಿಸಲಿಲ್ಲ. ವಿಚಾರಣೆಯನ್ನೇ ರದ್ದುಮಾಡಿದ. ಮುಂದೆಯೂ ಬಂದೀತು ಎಂದು ಅವನು ಮೊದಲೇ ಒಪ್ಪಿಕೊಂಡದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಬಾರದಂತೆ ಮಾಡುತ್ತೇನೆಂದು ಭರವಸೆ ಕೊಟ್ಟಿದ್ದರೆ, ಮರುದಿನ ಬಂದ ಮೊದಲ ಆಲೋಚನೆಯೇ ಆ ಭರವಸೆಯನ್ನು ಸುಳ್ಳು ಮಾಡುತ್ತಿತ್ತು.

ಸಾಂತ್ವನದಲ್ಲಿಯೂ ಬಲೆಯುಂಟು. 1522ರಲ್ಲಿ ಮನ್ರೇಸದಲ್ಲಿ ಲೊಯೋಲದ ಇಗ್ನೇಷಿಯಸ್ ಹಳೆಯ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸುತ್ತಿದ್ದಾಗ, ಬಹು ಸ್ಪಷ್ಟವಾದದ್ದನ್ನು ಬಿಟ್ಟು ಹಿಂದಿನದೇನನ್ನೂ ಹೇಳಬೇಡವೆಂದು ಗುರು ಆಜ್ಞಾಪಿಸಿದ. ಆದರೆ ಅವನಿಗೆ ಎಲ್ಲವೂ ಬಹು ಸ್ಪಷ್ಟವಾಗಿಯೇ ಕಾಣುತ್ತಿದ್ದುದರಿಂದ ಆ ಆಜ್ಞೆ ಉಪಯೋಗಕ್ಕೆ ಬರಲಿಲ್ಲ. ಪ್ರಾರ್ಥಿಸುತ್ತಿದ್ದ ಕೋಣೆಯಲ್ಲಿದ್ದ ದೊಡ್ಡ ಕಂಡಿಯಿಂದ ಹಾರಿ ಸಾಯುವ ಪ್ರೇರಣೆಯವರೆಗೂ ಸಂಕಟ ಬೆಳೆಯಿತು. ಕಳೆದುಹೋದ ಪಾಪಗಳನ್ನು ಇನ್ನೆಂದೂ ನಿವೇದಿಸುವುದಿಲ್ಲವೆಂದು, ಯಾವ ವಿನಾಯಿತಿಯೂ ಇಲ್ಲದೆ ನಿರ್ಧರಿಸಿದಾಗ ಮಾತ್ರ ಅವನು ಬಿಡುಗಡೆಯಾದ. ವಾರಕ್ಕೆ ಮೂರು ಸಲ ಬಂದು ನನಗೆ ಕ್ಷಮೆಯಾಗಿದೆಯೇ ಅಯ್ಯನವರೇ ಎಂದು ಕೇಳುವವನಿಗೆ ಮೂರು ಸಲವೂ ಆಗಿದೆ ಎಂದು ಹೇಳುವುದು ಕರುಣೆಯಂತೆ ಕಾಣುತ್ತದೆ. ಆದರೆ ಪ್ರತಿ ಉತ್ತರವೂ ನಾಲ್ಕನೆಯ ಪ್ರಶ್ನೆಗೆ ದಾರಿ ಮಾಡಿಕೊಡುತ್ತದೆ. ಇಂದಿನ ಚಿಕಿತ್ಸಕರು, ಭಯ ಹುಟ್ಟಿಸುವುದನ್ನು ಎದುರಿಸಿ, ಅದನ್ನು ತಣಿಸುವ ಕ್ರಿಯೆಯನ್ನು ಮಾತ್ರ ಮಾಡದೆ ಇರುವಂತೆ ರೋಗಿಗೆ ಅಭ್ಯಾಸ ಮಾಡಿಸುವುದು ಈ ತಿಳಿವಿನಿಂದಲೇ. ಸಭಾಪಾಲಕನು ಒಮ್ಮೆ ಸ್ಪಷ್ಟವಾಗಿ ಉತ್ತರಿಸಿ, ಆಮೇಲೆ ಪ್ರೀತಿಯಿಂದಲೇ ಉತ್ತರಿಸದಿರಲು ಕಲಿಯಬೇಕು.

ನಮ್ಮ ಭಾಷೆಯ ಒಂದು ಸೂಕ್ಷ್ಮವನ್ನು ಇಲ್ಲಿ ನೆನೆಯುವುದು ತಕ್ಕದ್ದು. ಬಾಧಿತರು ಬಂದು ಹೇಳುವುದು, ನನಗೆ ಕೆಟ್ಟ ಯೋಚನೆ ಬರುತ್ತದೆ ಎಂದು. ಕನ್ನಡ ವ್ಯಾಕರಣವು ಅಲ್ಲಿ ಮನುಷ್ಯನನ್ನು ಚತುರ್ಥಿ ವಿಭಕ್ತಿಯಲ್ಲಿ ನಿಲ್ಲಿಸುತ್ತದೆ: ಜ್ವರ ಬಂದಂತೆ, ನಿದ್ರೆ ಬಂದಂತೆ, ಯೋಚನೆ ಬಂದದ್ದು ಅವನಿಗೆ, ಅವನು ಕರ್ತೃವಲ್ಲ. ಅದಕ್ಕೆ ನಾವು ಥಟ್ಟನೆ ಕೊಡುವ ಉತ್ತರ, ಹಾಗೆಲ್ಲ ಯಾಕೆ ಯೋಚಿಸುತ್ತೀರಿ? ಒಂದೇ ಪ್ರಶ್ನೆಯಲ್ಲಿ ಅವನನ್ನು ಚತುರ್ಥಿಯಿಂದ ಎತ್ತಿ ಪ್ರಥಮಾ ವಿಭಕ್ತಿಯಲ್ಲಿ ಕೂರಿಸಿ ಕರ್ತೃವನ್ನಾಗಿ ಮಾಡಿದೆವು. ಅವನು ಮನೆಗೆ ಹೊತ್ತೊಯ್ಯುವುದು ಆ ವಿಭಕ್ತಿಯನ್ನೇ.

ಬಂದದ್ದು ಸೈತಾನನಿಂದ ಎಂದು ಹೇಳಿ ಬಿಡುಗಡೆಯ ಪ್ರಾರ್ಥನೆಗೆ ಕೂರಿಸುವುದು ಇಂದು ನಮ್ಮಲ್ಲಿ ಬಳಕೆಗೆ ಬಂದಿರುವ ಇನ್ನೊಂದು ದಾರಿ. ಆಲೋಚನೆ ನಿನ್ನದಲ್ಲವೆಂದು ಹೇಳುವ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಆದರೆ ಪ್ರಾರ್ಥನೆಯಾದ ಮೇಲೂ ಆಲೋಚನೆ ಮರಳಿದಾಗ, ಬಾಗಿಲು ತೆರೆದಿಟ್ಟವನು ನೀನೇ, ನಿನ್ನಲ್ಲಿ ಮುಚ್ಚಿಟ್ಟ ಪಾಪವಿರಬೇಕು ಎಂಬ ಮಾತು ಹಿಂಬಾಲಿಸುತ್ತದೆ. ವೃದ್ಧ ಕ್ರೈಸ್ತನ ಉತ್ತರವನ್ನೇ ಗಟ್ಟಿ ದನಿಯಲ್ಲಿ ಹೇಳಿದಂತೆ. ಗೀಳುರೋಗಕ್ಕೆ ಫಲಕಾರಿಯಾದ ಔಷಧಗಳಿವೆ, ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಬೇನೆಗಾಗಿಯೇ ವಿಶೇಷ ಚಿಕಿತ್ಸಾ ವಿಭಾಗವಿದೆ. ಅಲ್ಲಿಗೆ ಕಳುಹಿಸುವುದು ನಂಬಿಕೆಯ ಕೊರತೆಯಲ್ಲ.

ಮನಸ್ಸಾಕ್ಷಿಯ ಕಳವಳವೆಲ್ಲ ರೋಗವೆಂದು ನಾನು ವಾದಿಸುತ್ತಿಲ್ಲ. ಹಗೆಯನ್ನು ಎದೆಯಲ್ಲಿ ಸಾಕಿ ಬೆಳೆಸುವವನಿದ್ದಾನೆ, ದುರಾಶೆಗೆ ಹಾಸಿಗೆ ಹಾಸಿ ಕೊಡುವವನಿದ್ದಾನೆ. ಪರ್ವತಪ್ರಸಂಗವು ಅವನಿಗೆ ಪೂರ್ತಿ ಖಾರದೊಡನೆಯೇ ಮುಟ್ಟಬೇಕು. ಇಬ್ಬರನ್ನೂ ಬೇರ್ಪಡಿಸುವ ಗುರುತು ಅಷ್ಟು ಗುಪ್ತವೇನಲ್ಲ. ಒಬ್ಬನು ತನ್ನ ಆಲೋಚನೆಯನ್ನು ಸಮರ್ಥಿಸಿಕೊಳ್ಳುತ್ತಾನೆ, ಇನ್ನೊಬ್ಬನು ಅದನ್ನು ಹೇಳಲು ಬಾಯಿ ತೆರೆಯಲಾರದೆ ನಡುಗುತ್ತಾನೆ.

ಬನ್ಯನ್‌ಗೆ ಹೆಚ್ಚು ನೆಮ್ಮದಿ ತಂದ ಗಳಿಗೆಗಳಲ್ಲೊಂದು ಹೊಲದಲ್ಲಿ ನಡೆಯುತ್ತಿದ್ದಾಗ ಬಂತು. ತನ್ನ ನೀತಿ ಪರಲೋಕದಲ್ಲಿದೆ, ದೇವರ ಬಲಗಡೆಯಲ್ಲಿರುವ ಕ್ರಿಸ್ತನೇ ಆ ನೀತಿ ಎಂದು ಅವನಿಗೆ ಕಂಡಿತು. ಹೃದಯದ ಸ್ಥಿತಿ ಚೆನ್ನಾಗಿದ್ದರೆ ಅದು ಹೆಚ್ಚುವುದಿಲ್ಲ, ಕೆಟ್ಟಿದ್ದರೆ ಕುಂದುವುದಿಲ್ಲ. ಕಾಲಿನ ಸಂಕೋಲೆಗಳು ಆಗ ಕಳಚಿಬಿದ್ದವೆಂದು ಬರೆಯುತ್ತಾನೆ. ಆ ಮುಂಜಾನೆ ತಾನು ಸಮ್ಮತಿಸಿದ್ದೆನೇ ಇಲ್ಲವೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯುವುದಿಲ್ಲ. ಉತ್ತರ ಬೇಕಾಗಿಯೂ ಇರಲಿಲ್ಲ.

1678ರ ‘ಯಾತ್ರಿಕನ ಸಂಚಾರ’ಕ್ಕೆ ಬರುವಾಗ ಇದೇ ಅನುಭವ ಕೆಲವೇ ಸಾಲುಗಳಿಗೆ ಇಳಿದಿದೆ. ಮರಣದ ನೆರಳಿನ ಕಣಿವೆಯಲ್ಲಿ ದುಷ್ಟನೊಬ್ಬನು ಸದ್ದಿಲ್ಲದೆ ಹಿಂದಿನಿಂದ ಬಂದು ಕ್ರೈಸ್ತನ ಕಿವಿಯಲ್ಲಿ ದೇವದೂಷಣೆಯನ್ನು ಪಿಸುಗುಟ್ಟುತ್ತಾನೆ. ಕ್ರೈಸ್ತನು ಅದು ತನ್ನ ಮನಸ್ಸಿನಿಂದಲೇ ಹೊರಟಿತೆಂದು ತಿಳಿದು, ಮತ್ತಾವುದಕ್ಕೂ ನೋಯದಷ್ಟು ನೋಯುತ್ತಾನೆ. ಆ ಮಾತು ಎಲ್ಲಿಂದ ಬಂತೆಂಬ ವಿವೇಚನೆ ಅವನಿಗಿರಲಿಲ್ಲ ಎಂದು ಕಥೆಗಾರನು ಓದುಗನಿಗೆ ತಿಳಿಸುತ್ತಾನೆ, ಕ್ರೈಸ್ತನಿಗೆ ತಿಳಿಸುವುದಿಲ್ಲ. ಕತ್ತಲಲ್ಲಿ ಅವನಿಗೆ ದೊರೆಯುವುದು ವಿವರಣೆಯಲ್ಲ. ಮುಂದೆ ಎಲ್ಲೋ ನಡೆದುಹೋಗುತ್ತಿರುವ ಇನ್ನೊಬ್ಬನು 23ನೆಯ ಕೀರ್ತನೆಯ ಮಾತನ್ನು ಹೇಳಿಕೊಳ್ಳುತ್ತಿರುವ ದನಿ ಅವನಿಗೆ ಕೇಳಿಸುತ್ತದೆ, ಮತ್ತು ದೇವರಿಗೆ ಭಯಪಡುವ ಬೇರೊಬ್ಬರೂ ಇದೇ ಕಣಿವೆಯಲ್ಲಿದ್ದಾರೆಂದು ತಿಳಿದು ಅವನು ಹೆಜ್ಜೆ ಮುಂದಿಡುತ್ತಾನೆ.